ಪರದೇಶದಲ್ಲಿ ಫುಟ್‌ಬಾಲ್ ಮೇಲೆ ಬೆಟ್ ಕಟ್ಟುವುದು: ಕೌಂಟರಿಗೆ ಹೋಗುವ ಮೊದಲು ತಿಳಿದಿರಬೇಕಾದ್ದು

ವಿಶ್ವಕಪ್ಪೋ ಯೂರೋ ಕಪ್ಪೋ ಹತ್ತಿರ ಬಂತೆಂದರೆ ಓದುಗರ ಪ್ರಶ್ನೆಗಳು ಶುರುವಾಗುತ್ತವೆ. ‘ಲಂಡನ್ನಿಗೆ ಹೊರಟಿದ್ದೇನೆ, ಅಲ್ಲಿ ಬೆಟ್ಟಿಂಗ್ ಕಾನೂನುಬದ್ಧವಂತೆ, ಹೇಗೆ ಕಟ್ಟುವುದು?’ ‘ಮಗ ಟೊರಾಂಟೊದಲ್ಲಿದ್ದಾನೆ, ಅವನ ಖಾತೆಯಲ್ಲಿ ನಾನು ಇಲ್ಲಿಂದಲೇ ಆಡಬಹುದೇ?’ ‘ದುಬೈಯಲ್ಲಿ ವಿಪಿಎನ್ (ಇರುವ ಜಾಗ ಮರೆಮಾಚುವ ತಂತ್ರಾಂಶ) ಹಾಕಿಕೊಂಡರೆ ನಡೆಯುತ್ತದಲ್ಲವೇ?’ ಕೊನೆಯ ಎರಡಕ್ಕೂ ‘ಖಂಡಿತ ಬೇಡ’ ಎಂಬುದೇ ಉತ್ತರ. ಮೊದಲನೆಯದಕ್ಕೆ ಉದ್ದದ ಉತ್ತರ ಬೇಕು.

ಒಂದು ಮಾತು ಮೊದಲೇ ಮನಸ್ಸಿಗೆ ಇಳಿಯಲಿ. ನೀವು ನಿಂತಿರುವ ನೆಲದ ಕಾನೂನು ನಿಮ್ಮ ಬೆಟ್ಟಿಗೆ ಅನ್ವಯಿಸುತ್ತದೆ, ದುಡ್ಡು ಹೊರಟ ದೇಶದ ಕಾನೂನು ಆ ದುಡ್ಡಿನ ಬೆನ್ನು ಹತ್ತಿ ಬರುತ್ತದೆ. ಸಿಕ್ಕಿಬೀಳುವವರಲ್ಲಿ ಹೆಚ್ಚಿನವರು ಇವೆರಡರಲ್ಲಿ ಒಂದನ್ನು ಮಾತ್ರ ವಿಚಾರಿಸಿಕೊಂಡಿರುತ್ತಾರೆ.

ಬೇಕಾಗುವ ಸಾಮಾನು ಕಡಿಮೆ: ಪಾಸ್‌ಪೋರ್ಟ್ (ಫೋನಿನಲ್ಲಿರುವ ಫೋಟೊ ಸಾಲದು), ಆ ದೇಶದ ನಗದು, ಪಂದ್ಯದ ಸ್ಥಳೀಯ ಸಮಯ, ಕ್ಯಾಲ್ಕುಲೇಟರ್, ಮತ್ತು ಪೂರ್ತಿ ಹೋದರೂ ಪ್ರವಾಸಕ್ಕೆ ತೊಂದರೆಯಾಗದಷ್ಟು ಎಂದು ಮೊದಲೇ ನಿಗದಿ ಮಾಡಿಟ್ಟ ಮೊತ್ತ.

ಹಂತ 1: ದುಡ್ಡು ಯಾರದು, ಎಲ್ಲಿಂದ ಬಂದದ್ದು?

ಭಾರತದಲ್ಲೇ ನೆಲೆಸಿ ಹತ್ತು ಹದಿನೈದು ದಿನಕ್ಕೆ ಹೊರಗೆ ಹೋಗುವವರು ಇದನ್ನು ಎರಡು ಸಲ ಓದಿ. ವಿದೇಶಿ ವಿನಿಮಯದ ಕಾಯ್ದೆಯನ್ನು, ಅಂದರೆ ಫೆಮಾವನ್ನು, ಅನುಸರಿಸಿ 2000ರಲ್ಲಿ ಬಂದ ಚಾಲ್ತಿ ಖಾತೆ ವಹಿವಾಟಿನ ನಿಯಮಗಳಲ್ಲಿ ಒಂದು ನಿಷೇಧ ಪಟ್ಟಿ ಇದೆ. ಯಾವ ಕಾರಣಕ್ಕೂ ಹೊರದೇಶಕ್ಕೆ ಹಣ ಕಳುಹಿಸಬಾರದು ಎನ್ನುವ ಆ ಪಟ್ಟಿಯಲ್ಲಿ ಲಾಟರಿ ಟಿಕೆಟ್ಟಿನ ಪಕ್ಕದಲ್ಲೇ ‘ಫುಟ್‌ಬಾಲ್ ಪೂಲ್ಸ್’ ಎಂಬ ಹೆಸರಿದೆ. ಪಂದ್ಯಗಳ ಫಲಿತಾಂಶ ಊಹಿಸಿ ಹಣ ಕಟ್ಟುವ ಹಳೆಯ ಬ್ರಿಟಿಷ್ ಪದ್ಧತಿ ಅದು. ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್ ಹೊರಗೆ ಕಳುಹಿಸಲು ಅವಕಾಶ ಕೊಡುವ ಉದಾರೀಕೃತ ರವಾನೆ ಯೋಜನೆಯೂ ಈ ಪಟ್ಟಿಯನ್ನು ಮೀರುವಂತಿಲ್ಲ. ಪ್ರವಾಸದ ಹೆಸರಿನಲ್ಲಿ ಪಡೆದ ವಿದೇಶಿ ಹಣವನ್ನು ಬೇರೆ ಕೆಲಸಕ್ಕೆ ಬಳಸುವುದೂ ಫೆಮಾ ಪ್ರಕಾರ ಉಲ್ಲಂಘನೆಯೇ. ‘ಫಾರೆಕ್ಸ್ ಕಾರ್ಡಿನಲ್ಲಿ ಮಿಕ್ಕಿದ್ದು ಕಟ್ಟಿದೆ ಅಷ್ಟೇ’ ಎಂಬ ಸಮಜಾಯಿಷಿ ನಿಲ್ಲುವುದಿಲ್ಲ.

ಭಾರತದಲ್ಲಿ ಕುಳಿತು ವಿದೇಶಿ ಬೆಟ್ಟಿಂಗ್ ಆ್ಯಪ್ ಬಳಸುವ ಯೋಚನೆಯನ್ನು ಪೂರ್ತಿ ಬಿಡಿ. 2025ರ ಆಗಸ್ಟಿನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆಯು ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಡೆಸುವುದನ್ನೂ, ಅವುಗಳ ಜಾಹೀರಾತನ್ನೂ, ಬ್ಯಾಂಕುಗಳು ಅವುಗಳಿಗೆ ಹಣ ದಾಟಿಸುವುದನ್ನೂ ನಿಷೇಧಿಸುತ್ತದೆ. ಆಡಿದವರಿಗೆ ಆ ಕಾಯ್ದೆಯಲ್ಲಿ ಶಿಕ್ಷೆ ಇಲ್ಲ, ನಿಜ. ಆದರೆ ಇಂಥ ಆ್ಯಪ್‌ಗಳು ದುಡ್ಡು ತಿರುಗಿಸುವುದು ಬಾಡಿಗೆಗೆ ಪಡೆದ ಬೇರೆಯವರ ಬ್ಯಾಂಕ್ ಖಾತೆಗಳ ಮೂಲಕ. ಅಂಥ ಖಾತೆ ಪೊಲೀಸರ ಕಣ್ಣಿಗೆ ಬಿದ್ದ ದಿನ ಅದರಿಂದ ಹಣ ಬಂದ ನಿಮ್ಮ ಖಾತೆಗೂ ತಡೆ ಬೀಳಬಹುದು. ಸಂಬಳದ ಖಾತೆಯೇ ಸ್ತಬ್ಧವಾದರೆ ಮನೆಯ ಕಂತು ಕಟ್ಟುವುದು ಹೇಗೆ?

ಲಂಡನ್, ಸಿಂಗಪುರ, ಟೊರಾಂಟೊಗಳಲ್ಲಿ ದುಡಿದು ಅಲ್ಲೇ ಸಂಬಳ ಪಡೆಯುವ ಕನ್ನಡಿಗರಿಗೆ ಫೆಮಾದ ಈ ಅಡ್ಡಿ ಬರುವುದಿಲ್ಲ. ಅಪ್ಪ ಫೀಸಿಗೆಂದು ಕಳುಹಿಸಿದ ಹಣದಲ್ಲಿ ಓದುತ್ತಿರುವವರು ಆ ಹಣವನ್ನು ಮುಟ್ಟಕೂಡದು. ಪ್ರವಾಸಿಗರೇ, ಮುಂದಿನ ಹಂತಗಳು ನಿಮಗೂ ಉಪಯೋಗಕ್ಕೆ ಬರುತ್ತವೆ: ಪಬ್ಬಿನಲ್ಲಿ ಪಕ್ಕದವನ ಕೈಲಿರುವ ಚೀಟಿಯನ್ನೂ, ಪರದೆಯ ಮೇಲೆ ಓಡುವ ದರಗಳನ್ನೂ ಓದಲು.

ಹಂತ 2: ಕಾಲಿಟ್ಟ ನೆಲದ ಕಾನೂನು

*ಬ್ರಿಟನ್:* ಎಲ್ಲಕ್ಕಿಂತ ಸಲೀಸು. 18 ತುಂಬಿರಬೇಕು. ಗ್ಯಾಂಬ್ಲಿಂಗ್ ಕಮಿಷನ್ ಪರವಾನಗಿ ಇರುವ ಬೆಟ್ಟಿಂಗ್ ಅಂಗಡಿಗಳು ದೊಡ್ಡ ಊರುಗಳ ಪೇಟೆಬೀದಿಗಳಲ್ಲೆಲ್ಲ ಇವೆ. ಆನ್‌ಲೈನ್ ಖಾತೆ ತೆರೆಯಲು ಬೆಟ್ ಕಟ್ಟುವ ಮೊದಲೇ ಗುರುತು, ವಯಸ್ಸುಗಳ ಪರಿಶೀಲನೆ ಮುಗಿಯಬೇಕು. ಅಲ್ಲಿನ ವಿಳಾಸವಿಲ್ಲದ ಪ್ರವಾಸಿಗೆ ಅದು ಆಗುವ ಮಾತಲ್ಲ. ಹಾಗಾಗಿ ಅಂಗಡಿ, ಅದೂ ನಗದು. 2020ರ ಏಪ್ರಿಲ್ 14ರಿಂದ ಜೂಜಿಗೆ ಕ್ರೆಡಿಟ್ ಕಾರ್ಡ್ ಬಳಸುವಂತಿಲ್ಲ.

*ಸಿಂಗಪುರ:* ಸಿಂಗಪುರ್ ಪೂಲ್ಸ್ ಒಂದೇ ಅಧಿಕೃತ ದಾರಿ. ಅದರ ಮಳಿಗೆಗಳಲ್ಲಿ ಕಟ್ಟಬಹುದು. ಬೇರೆ ಯಾವ ವೆಬ್‌ಸೈಟಿನಲ್ಲಿ ಕಟ್ಟಿದರೂ, ಕಾಫಿ ಅಂಗಡಿಯ ‘ಅಂಕಲ್’ ಹತ್ತಿರ ಕಟ್ಟಿದರೂ ಅಪರಾಧ. ಕೆಲಸದ ಪಾಸ್ ಮೇಲೆ ಇರುವವರಿಗೆ ದಂಡಕ್ಕಿಂತ ಪಾಸ್ ಕಳೆದುಕೊಳ್ಳುವ ಅಪಾಯ ದೊಡ್ಡದು.

*ಹಾಂಗ್‌ಕಾಂಗ್:* 2003ರಿಂದ ಫುಟ್‌ಬಾಲ್ ಬೆಟ್ಟಿಂಗ್ ಕಾನೂನುಬದ್ಧ, ಜಾಕಿ ಕ್ಲಬ್ಬಿನಲ್ಲಿ ಮಾತ್ರ. ಬುಕ್ಕಿ ಹೊರದೇಶದಲ್ಲಿದ್ದರೂ ನೀವು ಹಾಂಗ್‌ಕಾಂಗಿನಲ್ಲಿ ಕುಳಿತು ಕಟ್ಟಿದರೆ ತಪ್ಪು ನಿಮ್ಮದೇ.

*ಅಮೆರಿಕ:* 2018ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಕೇಂದ್ರದ ನಿಷೇಧವನ್ನು ತೆಗೆದುಹಾಕಿತು, ನಿರ್ಧಾರ ಒಂದೊಂದು ರಾಜ್ಯದ ಕೈಗೆ ಹೋಯಿತು. 2026ರ ವಿಶ್ವಕಪ್ಪಿಗೆ ಆರಿಸಿದ ಊರುಗಳನ್ನೇ ನೋಡಿ. ನ್ಯೂಜೆರ್ಸಿಯಲ್ಲೂ ಫಿಲಡೆಲ್ಫಿಯಾದಲ್ಲೂ ಬೆಟ್ಟಿಂಗಿಗೆ ಅನುಮತಿ ಕೊಟ್ಟಿದ್ದಾರೆ. ಡಲ್ಲಾಸ್, ಹ್ಯೂಸ್ಟನ್, ಲಾಸ್ ಏಂಜಲೀಸ್‌ಗಳಿರುವ ಟೆಕ್ಸಸ್ಸು, ಕ್ಯಾಲಿಫೋರ್ನಿಯಾಗಳು ಕೊಟ್ಟಿಲ್ಲ. ಬಹುತೇಕ ಕಡೆ 21 ತುಂಬಿರಬೇಕು. ಫೋನು ನೀವಿರುವ ಜಾಗವನ್ನು ಪತ್ತೆಹಚ್ಚುತ್ತದೆ. ರಾಜ್ಯದ ಗಡಿ ದಾಟಿದ ಕೂಡಲೇ ಆ್ಯಪ್ ಬೆಟ್ ತೆಗೆದುಕೊಳ್ಳುವುದನ್ನು ನಿಲ್ಲಿಸುತ್ತದೆ.

*ಕೆನಡಾ:* 2021ರಿಂದ ಒಂದೇ ಪಂದ್ಯದ ಮೇಲೂ ಕಟ್ಟಬಹುದು. ಒಂಟಾರಿಯೋದಲ್ಲಿ 19 ತುಂಬಿರಬೇಕು, ಆಡುವಾಗ ಆ ಪ್ರಾಂತ್ಯದೊಳಗೇ ಇರಬೇಕು. ಮಗನ ಖಾತೆಯಲ್ಲಿ ಅಪ್ಪ ಮೈಸೂರಿನಿಂದ ಆಡಲು ಹೋದರೆ ಖಾತೆ ಮುಚ್ಚುತ್ತಾರೆ, ಗೆದ್ದ ಹಣವನ್ನೂ ತಡೆಯುತ್ತಾರೆ.

*ಆಸ್ಟ್ರೇಲಿಯಾ:* ಪಂದ್ಯ ಶುರುವಾದ ಮೇಲೆ ಆನ್‌ಲೈನ್ ಬೆಟ್ ಕಟ್ಟುವಂತಿಲ್ಲ. ಫೋನ್ ಕರೆ ಮಾಡಬೇಕು, ಇಲ್ಲವೇ ಅಂಗಡಿಗೆ ಹೋಗಬೇಕು.

*ಕೊಲ್ಲಿ ದೇಶಗಳು, ಥಾಯ್ಲೆಂಡ್:* ಬೇಡವೇ ಬೇಡ. ಯುಎಇಯಲ್ಲಿ ಅಪರಾಧ ಮಾಡಲೆಂದು ವಿಪಿಎನ್ ಬಳಸಿದರೆ ಅದಕ್ಕೇ ಪ್ರತ್ಯೇಕವಾಗಿ ಕನಿಷ್ಠ 5 ಲಕ್ಷ ದಿರ್ಹಾಮ್ ದಂಡ ಬೀಳಬಹುದು. ಥಾಯ್ಲೆಂಡಿನ ಜೂಜು ಕಾಯ್ದೆ 1935ರದ್ದು, ಇವತ್ತಿಗೂ ಜೀವಂತ. 2016ರಲ್ಲಿ ಪಟ್ಟಾಯದಲ್ಲಿ ಬ್ರಿಜ್ ಇಸ್ಪೀಟು ಆಡುತ್ತಿದ್ದ ವಯಸ್ಸಾದ ಮೂವತ್ತಕ್ಕೂ ಹೆಚ್ಚು ಮಂದಿ ವಿದೇಶಿಯರನ್ನು ಪೊಲೀಸರು ಠಾಣೆಗೆ ಕರೆದೊಯ್ದಿದ್ದರು. ಬಾರಿನಲ್ಲಿ ಫುಟ್‌ಬಾಲ್ ಬೆಟ್ಟಿನ ಚೀಟಿ ಹಿಡಿದವರನ್ನು ಸುಮ್ಮನೆ ಬಿಡುತ್ತಾರೆಂಬ ಭರವಸೆ ಬೇಡ.

ಹಂತ 3: ದರ ಓದಲು ಕಲಿಯಿರಿ

ಆಡ್ಸ್ ಎಂದರೆ ಬುಕ್ಕಿ ಕೊಡುವ ದರ. ಬರೆಯುವ ರೀತಿ ಮೂರು. ಬ್ರಿಟನ್ನಿನಲ್ಲಿ ಭಿನ್ನರಾಶಿ: 11/10 ಎಂದರೆ 10 ಕಟ್ಟಿದರೆ 11 ಲಾಭ, ಕಟ್ಟಿದ 10 ಸೇರಿ 21 ಕೈಗೆ ಬರುತ್ತದೆ. ಯೂರೋಪು, ಹಾಂಗ್‌ಕಾಂಗ್, ಸಿಂಗಪುರಗಳಲ್ಲಿ ದಶಮಾಂಶ: ಅದೇ ದರ 2.10. ಇದರಲ್ಲಿ ನೀವು ಕಟ್ಟಿದ ಹಣವೂ ಸೇರಿದೆ ಎಂಬುದನ್ನು ಮರೆಯಬೇಡಿ. ಅಮೆರಿಕದಲ್ಲಿ +150 ಎಂದರೆ 100 ಕಟ್ಟಿದರೆ 150 ಲಾಭ. -200 ಎಂದರೆ 100 ಗೆಲ್ಲಲು 200 ಕಟ್ಟಬೇಕು.

ಈಗ ಬುಕ್ಕಿಯ ಪಾಲು ಎಷ್ಟೆಂದು ಲೆಕ್ಕ ಹಾಕೋಣ. ಒಂದು ಪಂದ್ಯಕ್ಕೆ ಮೂರು ದರ ಇವೆ ಎಂದುಕೊಳ್ಳಿ: ಮೊದಲ ತಂಡ 2.10, ಡ್ರಾ 3.40, ಎರಡನೇ ತಂಡ 3.60. ನೂರನ್ನು ಒಂದೊಂದರಿಂದ ಭಾಗಿಸಿ: 47.6, 29.4, 27.8. ಕೂಡಿದರೆ 104.8. ನ್ಯಾಯದ ದರವಾಗಿದ್ದರೆ ಸರಿಯಾಗಿ 100 ಬರಬೇಕಿತ್ತು. ಮೇಲಿನ 4.8 ಅಂಗಡಿಯ ಪಾಲು, ಆ ಲೋಕದ ಮಾತಿನಲ್ಲಿ ‘ಓವರ್‌ರೌಂಡ್’. ಕಟ್ಟುವ ಮೊದಲು ಪ್ರತಿ ಸಲವೂ ಈ ಕೂಡಿಸುವ ಕೆಲಸ ಮಾಡಿ, ಅರ್ಧ ನಿಮಿಷ ಸಾಕು. 105ರ ಒಳಗಿದ್ದರೆ ಪರವಾಗಿಲ್ಲ, 108 ದಾಟಿದರೆ ಆ ಪಂದ್ಯ ಬಿಡಿ. ‘ಕಪ್ ಯಾರಿಗೆ’ ಎಂಬಂಥ, ಹತ್ತಾರು ತಂಡಗಳಿರುವ ಪಟ್ಟಿಯಲ್ಲಿ ಮೊತ್ತ ಇನ್ನೂ ಮೇಲೆ ಹೋಗಿರುತ್ತದೆ.

ಹಂತ 4: 90 ನಿಮಿಷದ ನಿಯಮ

ಹೊಸಬರಿಗೆ ಅತಿ ಹೆಚ್ಚು ನಷ್ಟ ಮಾಡಿದ, ಜಗಳಕ್ಕೂ ಕಾರಣವಾದ ಸಂಗತಿ ಇದು. ‘ಪಂದ್ಯದ ಫಲಿತಾಂಶ’ ಎಂಬ ಬೆಟ್ 90 ನಿಮಿಷ ಮತ್ತು ರೆಫರಿ ಸೇರಿಸಿದ ಗಾಯದ ಸಮಯಕ್ಕೆ ಮಾತ್ರ ಅನ್ವಯ. ನಾಕೌಟ್ ಪಂದ್ಯಗಳ ಹೆಚ್ಚುವರಿ 30 ನಿಮಿಷವೂ ಪೆನಾಲ್ಟಿ ಶೂಟೌಟೂ ಲೆಕ್ಕಕ್ಕಿಲ್ಲ.

2022ರ ಡಿಸೆಂಬರ್ 18ರ ವಿಶ್ವಕಪ್ ಫೈನಲ್ ನೆನಪಿಸಿಕೊಳ್ಳಿ. ಅರ್ಜೆಂಟೀನಾ 2-0 ಮುಂದಿತ್ತು. 80 ಮತ್ತು 81ನೇ ನಿಮಿಷದಲ್ಲಿ ಫ್ರಾನ್ಸಿನ ಎಂಬಾಪೆ ಎರಡು ಗೋಲು ಹೊಡೆದು ಸಮ ಮಾಡಿದರು. 90 ನಿಮಿಷ ಮುಗಿದಾಗ 2-2. ಬೆಟ್ಟಿಂಗ್ ಅಂಗಡಿಯ ಮಟ್ಟಿಗೆ ಪಂದ್ಯ ಅಲ್ಲಿಗೇ ಮುಗಿಯಿತು, ಫಲಿತಾಂಶ ಡ್ರಾ. ಆಮೇಲೆ 3-3 ಆಗಿ, ಪೆನಾಲ್ಟಿಯಲ್ಲಿ 4-2ರಿಂದ ಮೆಸ್ಸಿ ಕಪ್ ಎತ್ತಿದರೂ ‘ಅರ್ಜೆಂಟೀನಾ ಗೆಲುವು’ ಎಂದು ಫಲಿತಾಂಶದ ಮೇಲೆ ಕಟ್ಟಿದವರ ಹಣ ಹೋಯಿತು. ‘ಕಪ್ ಎತ್ತುವವರು’ ಎಂಬ ಬೇರೆ ಸಾಲಿನಲ್ಲಿ ಕಟ್ಟಿದವರಿಗೆ ಮಾತ್ರ ಹಣ ಬಂತು. ಎಂಬಾಪೆ ಹ್ಯಾಟ್ರಿಕ್ ಮೇಲೆ ಕಟ್ಟಿದವರ ಗತಿಯೂ ಅದೇ: ಮೂರನೇ ಗೋಲು ಬಂದದ್ದು 118ನೇ ನಿಮಿಷಕ್ಕೆ.

ಇದು ಅಪರೂಪದ ಪ್ರಸಂಗವೇನಲ್ಲ. 2006ರಿಂದ 2022ರವರೆಗಿನ ಐದು ವಿಶ್ವಕಪ್ ಫೈನಲ್‌ಗಳಲ್ಲಿ ನಾಲ್ಕು 90 ನಿಮಿಷಕ್ಕೆ ಸಮವಾಗಿಯೇ ನಿಂತಿದ್ದವು. 2018ರದ್ದು ಮಾತ್ರ ಫ್ರಾನ್ಸ್ 4-2ರಿಂದ ನೇರವಾಗಿ ಗೆದ್ದದ್ದು. ನಾಕೌಟ್ ಪಂದ್ಯಕ್ಕೆ ಕಟ್ಟುವಾಗ ನಿಮಗೆ ಬೇಕಿರುವುದು ಗೆಲುವೋ, ಮುಂದಿನ ಸುತ್ತಿಗೆ ಹೋಗುವುದೋ ಎಂದು ಮೊದಲು ತೀರ್ಮಾನಿಸಿ. ‘ಮುಂದಿನ ಸುತ್ತಿಗೆ ಅರ್ಹತೆ’ ಎಂಬ ಸಾಲಿನ ದರ ಕಡಿಮೆ ಇರುತ್ತದೆ, ಯಾಕೆಂದರೆ ಅದರಲ್ಲಿ ಪೆನಾಲ್ಟಿಯೂ ಸೇರಿದೆ.

ಇದೇ ಜಾತಿಯ ಇನ್ನೆರಡು: ಸ್ವಂತ ತಂಡದ ವಿರುದ್ಧವೇ ಹೊಡೆದ ಓನ್ ಗೋಲು ‘ಮೊದಲ ಗೋಲು ಯಾರದು’ ಎಂಬ ಬೆಟ್ಟಿನಲ್ಲಿ ಲೆಕ್ಕಕ್ಕಿಲ್ಲ. ಪಂದ್ಯ ಅರ್ಧಕ್ಕೆ ನಿಂತರೆ ಏನಾಗುತ್ತದೆ ಎಂಬುದು ಒಂದೊಂದು ಕಂಪನಿಯಲ್ಲಿ ಒಂದೊಂದು ಥರ, ಅಂಗಡಿಯ ನಿಯಮಗಳ ಹಾಳೆಯನ್ನು ಕೇಳಿ ಓದಿ.

ಹಂತ 5: ಅಂಗಡಿಯಲ್ಲಿ ಚೀಟಿ ಬರೆಯುವುದು

ಬ್ರಿಟನ್ನಿನ ಅಂಗಡಿಯೊಳಗೆ ಹೋದರೆ ಗೋಡೆಯುದ್ದಕ್ಕೂ ಪರದೆಗಳು, ಕಟ್ಟೆಯ ಮೇಲೆ ಪಂದ್ಯಪಟ್ಟಿಯ ಕೂಪನ್‌ಗಳು, ಖಾಲಿ ಚೀಟಿಗಳು, ಬೆರಳುದ್ದದ ಪೆನ್ನುಗಳು. ಮಕ್ಕಳಿದ್ದರೆ ಒಬ್ಬರು ಅವರ ಜೊತೆ ಹೊರಗೇ ನಿಲ್ಲಿ. 18ರೊಳಗಿನವರಿಗೆ ಪ್ರವೇಶವಿಲ್ಲ. 25ಕ್ಕಿಂತ ಚಿಕ್ಕವರಂತೆ ಕಂಡರೆ ಪಾಸ್‌ಪೋರ್ಟ್ ಕೇಳುತ್ತಾರೆ.

1. ಚೀಟಿಯಲ್ಲಿ ಪಂದ್ಯ, ದಿನಾಂಕ, ಯಾವ ಬೆಟ್, ಯಾರ ಮೇಲೆ, ಎಷ್ಟು ಪೌಂಡ್ ಎಂದು ಇಂಗ್ಲಿಷಿನಲ್ಲಿ ಬಿಡಿಸಿ ಬರೆಯಿರಿ. ‘ಕೊರಿಯಾ’ ಎಂದಷ್ಟೇ ಬರೆದರೆ ಉತ್ತರವೋ ದಕ್ಷಿಣವೋ? ‘ಐರ್ಲೆಂಡ್’ ಎಂದರೆ ಅದಕ್ಕೂ ಎರಡು ತಂಡಗಳಿವೆ. ಮಹಿಳೆಯರ ತಂಡವೋ ಪುರುಷರದೋ, 21ರೊಳಗಿನವರದೋ, ಅದನ್ನೂ ಬರೆಯಿರಿ.

2. ಕೌಂಟರಿನಲ್ಲಿ ದರ ಗಟ್ಟಿಯಾಗಿ ಕೇಳಿಕೊಳ್ಳಿ. ಪರದೆಯ ದರ ನೀವು ಸಾಲಿನಲ್ಲಿ ನಿಂತಷ್ಟರಲ್ಲಿ ಬದಲಾಗಿರಬಹುದು. ಚೀಟಿ ಸ್ವೀಕರಿಸಿದ ಕ್ಷಣದ ದರವೇ ಕೊನೆಯದು.

3. ಮರಳಿ ಕೊಟ್ಟ ರಸೀದಿಯನ್ನು ಅಲ್ಲೇ ನಿಂತು ಓದಿ. ತಂಡ, ಮೊತ್ತ, ದರ ಮೂರನ್ನೂ ಹೋಲಿಸಿ. ಬಾಗಿಲು ದಾಟಿದ ಮೇಲೆ ತಿದ್ದಿಸುವುದು ಕಷ್ಟ.

4. ರಸೀದಿಯ ಫೋಟೊ ತೆಗೆದುಕೊಳ್ಳಿ, ಆದರೆ ಅದನ್ನು ಸ್ಟೇಟಸ್ಸಿಗೆ ಹಾಕಬೇಡಿ. ಆ ಕಾಗದವನ್ನು ಶಾಖದಿಂದ ದೂರ ಇಡಿ, ಕಾರಿನ ಗಾಜಿನ ಹಿಂದೆ ಬಿಸಿಲಿಗೆ ಬಿಟ್ಟರೆ ಕಪ್ಪಾಗುತ್ತದೆ. ಕಳೆದುಹೋದರೆ ಕಟ್ಟಿದ ಅಂಗಡಿಗೇ ಹೋಗಿ ದಿನ, ವೇಳೆ, ಪಂದ್ಯ, ಮೊತ್ತ ಹೇಳಿ. ನಿಮ್ಮ ಕೈಬರಹದ ಮೂಲ ಚೀಟಿ ಅವರ ಬಳಿ ಇರುವುದರಿಂದ ಪತ್ತೆಹಚ್ಚಲು ಸಾಧ್ಯ.

ಅಂಗಡಿಗಳು ಸಾಮಾನ್ಯವಾಗಿ ರಾತ್ರಿ 10ಕ್ಕೆ ಮುಚ್ಚುತ್ತವೆ. ಅಮೆರಿಕ ಖಂಡದ ಪಂದ್ಯಗಳು ಬ್ರಿಟನ್ನಿನಲ್ಲಿ ಮಧ್ಯರಾತ್ರಿ ದಾಟಿ ನಡೆಯುವುದುಂಟು. ಮೊದಲೇ ಕಟ್ಟಿ, ಗೆದ್ದ ಹಣಕ್ಕೆ ಮರುದಿನ ಬೆಳಿಗ್ಗೆ ಹೋಗಬೇಕು. ಭಾರತದ ವೇಳಾಪಟ್ಟಿ ನೋಡಿ ಲೆಕ್ಕ ಹಾಕುವವರು ಗಮನಿಸಿ: ಬೇಸಿಗೆಯಲ್ಲಿ ಬ್ರಿಟನ್ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಐದೂವರೆ.

ಹಂತ 6: ದೇಶ-ದೇಶಗಳ ಪಂದ್ಯದಲ್ಲಿ ಏನು ನೋಡಬೇಕು

ಕ್ಲಬ್ ತಂಡ ವಾರಕ್ಕೊಮ್ಮೆ ಆಡುತ್ತದೆ, ಅದರ ಆಟ ಹೇಗಿದೆ ಎಂದು ಊಹಿಸಬಹುದು. ದೇಶದ ತಂಡ ತಿಂಗಳುಗಟ್ಟಲೆ ಚದುರಿದ್ದು ಕೆಲವೇ ದಿನದ ಅಭ್ಯಾಸದಲ್ಲಿ ಮೈದಾನಕ್ಕೆ ಇಳಿಯುತ್ತದೆ. ಹಾಗಾಗಿ ಹೆಸರು ನೋಡಿ ಕಟ್ಟಬೇಡಿ.

ಗುಂಪಿನ ಕೊನೆಯ ಪಂದ್ಯ ದೊಡ್ಡ ಬಲೆ. 2022ರಲ್ಲಿ ಫ್ರಾನ್ಸ್, ಬ್ರೆಜಿಲ್, ಪೋರ್ಚುಗಲ್ ಮೂರೂ ಮೊದಲ ಎರಡೇ ಪಂದ್ಯಗಳಲ್ಲಿ ಮುಂದಿನ ಸುತ್ತು ಸೇರಿಕೊಂಡವು. ಕೊನೆಯ ಪಂದ್ಯಕ್ಕೆ ಮುಖ್ಯ ಆಟಗಾರರಲ್ಲಿ ಹಲವರಿಗೆ ವಿಶ್ರಾಂತಿ ಕೊಟ್ಟವು. ಟ್ಯುನೀಷಿಯಾ ಫ್ರಾನ್ಸನ್ನು, ಕ್ಯಾಮರೂನ್ ಬ್ರೆಜಿಲನ್ನು, ದಕ್ಷಿಣ ಕೊರಿಯಾ ಪೋರ್ಚುಗಲನ್ನು ಸೋಲಿಸಿದವು. ಹನ್ನೊಂದು ಮಂದಿಯ ಪಟ್ಟಿ ಪಂದ್ಯಕ್ಕೆ ಸುಮಾರು ಒಂದು ಗಂಟೆ ಮೊದಲು ಹೊರಬರುತ್ತದೆ, ಅದನ್ನು ನೋಡದೆ ಕಟ್ಟಬೇಡಿ. ಸ್ನೇಹಪರ ಪಂದ್ಯಗಳಂತೂ ಪ್ರಯೋಗಶಾಲೆ, ಅವನ್ನು ಮುಟ್ಟದಿರುವುದೇ ಒಳ್ಳೆಯದು.

ಊರೂ ಆಡುತ್ತದೆ. ಬೊಲಿವಿಯಾದ ಲಾಪಾಜ್ ಸಮುದ್ರಮಟ್ಟದಿಂದ ಸುಮಾರು 3,600 ಮೀಟರ್ ಎತ್ತರದಲ್ಲಿದೆ. ಮೆಸ್ಸಿ ಇದ್ದ ಅರ್ಜೆಂಟೀನಾ 2009ರ ಏಪ್ರಿಲ್ 1ರಂದು ಅಲ್ಲಿ 6-1ರಿಂದ ಸೋತಿತು. ಬಯಲಿನಲ್ಲಿ ಬೊಲಿವಿಯಾ ಹೇಗೆ ಆಡಿತೆಂದು ನೋಡಿ ಅಲ್ಲಿನ ಪಂದ್ಯವನ್ನು ಅಳೆಯಲಾಗದು.

ಹಂತ 7: ಈ ಬೆಟ್‌ಗಳಿಂದ ದೂರವಿರಿ

ಅಕ್ಯುಮುಲೇಟರ್, ಅಂದರೆ ನಾಲ್ಕೈದು ಪಂದ್ಯ ಪೋಣಿಸಿ ಎಲ್ಲವೂ ಗೆದ್ದರೆ ಮಾತ್ರ ಹಣ. ಅಂಗಡಿಯ ಜಾಹೀರಾತುಗಳು ಇದನ್ನೇ ಯಾಕೆ ತಳ್ಳುತ್ತವೆ ಗೊತ್ತೇ? ಒಂದು ಪಂದ್ಯದಲ್ಲಿ ಅಂಗಡಿಯ ಪಾಲಿನಿಂದ ಮೊತ್ತ 105 ಆಗಿದ್ದರೆ, ಐದನ್ನು ಪೋಣಿಸಿದಾಗ ಆ ಪಾಲು ಐದು ಸಲ ಗುಣಿಸಿಕೊಳ್ಳುತ್ತದೆ: 1.05ರ ಐದನೇ ಘಾತ ಸುಮಾರು 1.276. ಕಟ್ಟಿದ 100 ಪೌಂಡಿಗೆ ಸರಾಸರಿ ಮರಳುವುದು 78 ಮಾತ್ರ. ಒಂದೇ ಪಂದ್ಯವಾದರೆ 95.

ಪಂದ್ಯ ನಡೆಯುವಾಗ ಕಟ್ಟುವ ಇನ್‌ಪ್ಲೇ ಬೆಟ್ಟೂ ಬೇಡ. ಹೋಟೆಲಿನ ವೈಫೈಯಲ್ಲಿ ನೀವು ನೋಡುವ ಪ್ರಸಾರ ಮೈದಾನಕ್ಕಿಂತ ಹತ್ತಾರು ಸೆಕೆಂಡು ಹಿಂದೆ ಇರಬಹುದು, ಬುಕ್ಕಿಗೆ ಸುದ್ದಿ ಅದಕ್ಕೂ ಮೊದಲೇ ಮುಟ್ಟಿರುತ್ತದೆ. ಮೈದಾನದಲ್ಲೇ ಕೂತು ಹೊರಗಿನವರಿಗೆ ಫೋನಿನಲ್ಲಿ ಸುದ್ದಿ ಮುಟ್ಟಿಸುವುದು ಟಿಕೆಟ್ಟಿನ ಷರತ್ತಿಗೆ ವಿರುದ್ಧ, ಎಬ್ಬಿಸಿ ಹೊರಗೆ ಕಳುಹಿಸುತ್ತಾರೆ. ‘ಕ್ಯಾಶ್ ಔಟ್’, ಅಂದರೆ ಪಂದ್ಯ ಮುಗಿಯುವ ಮೊದಲೇ ಸ್ವಲ್ಪ ಕಡಿಮೆಗೆ ಬಿಡಿಸಿಕೊಳ್ಳುವುದು, ಅಂಗಡಿಗೆ ಎರಡನೇ ಸಲ ಪಾಲು ಕೊಟ್ಟಂತೆ.

ಏಷ್ಯನ್ ಹ್ಯಾಂಡಿಕ್ಯಾಪ್, ಅಂದರೆ ಒಂದು ತಂಡಕ್ಕೆ ಮೊದಲೇ ಗೋಲಿನ ಮುನ್ನಡೆಯನ್ನೋ ಹಿನ್ನಡೆಯನ್ನೋ ಕೊಟ್ಟು ಲೆಕ್ಕ ಹಾಕುವ ಬೆಟ್, ಅರ್ಥವಾಗದೆ ಕಟ್ಟಬೇಡಿ. ಒಂದು ತಂಡಕ್ಕೆ -0.25 ಎಂದು ಬರೆದಿದ್ದರೆ ನಿಮ್ಮ 20 ಪೌಂಡನ್ನು ಎರಡು ಭಾಗ ಮಾಡುತ್ತಾರೆ. ಪಂದ್ಯ ಡ್ರಾ ಆದರೆ 10 ಹೋಯಿತು, 10 ವಾಪಸ್ಸು. ಗೆದ್ದರೆ ಪೂರ್ತಿ.

ಟೆಲಿಗ್ರಾಮಿನಲ್ಲಿ ‘ಫಿಕ್ಸ್ ಆದ ಪಂದ್ಯ’ ಮಾರುವವರ ಲೆಕ್ಕಾಚಾರ ಸರಳ: ಅರ್ಧ ಜನಕ್ಕೆ ಒಂದು ತಂಡ, ಉಳಿದರ್ಧಕ್ಕೆ ಇನ್ನೊಂದು. ಗೆದ್ದ ಅರ್ಧದವರಿಗೆ ಮುಂದಿನ ಸಲ ದುಬಾರಿ ಬೆಲೆ. ಒಂದು ರೂಪಾಯಿಯನ್ನೂ ಕೊಡಬೇಡಿ.

ಹಂತ 8: ಗೆದ್ದರೆ

ಬ್ರಿಟನ್ನಿನಲ್ಲಿ ಗೆದ್ದವರಿಗೆ ತೆರಿಗೆ ಇಲ್ಲ. ಆದರೆ ನೀವು ತೆರಿಗೆಯ ಲೆಕ್ಕದಲ್ಲಿ ಭಾರತದ ನಿವಾಸಿಯಾಗಿದ್ದರೆ ಜಗತ್ತಿನ ಯಾವ ಮೂಲೆಯಲ್ಲಿ ಗೆದ್ದದ್ದೂ ಇಲ್ಲಿ ಆದಾಯವೇ: ನೇರ 30 ಪ್ರತಿಶತ, ಮೇಲೆ 4 ಪ್ರತಿಶತ ಸೆಸ್, ಒಟ್ಟು 31.2. ಸೋತ ಚೀಟಿಗಳನ್ನು ಕಳೆಯುವಂತಿಲ್ಲ. 1,000 ಪೌಂಡ್ ಗೆದ್ದು 1,200 ಸೋತವರೂ ಗೆದ್ದ ಸಾವಿರಕ್ಕೆ ತೆರಿಗೆ ಕಟ್ಟಬೇಕು.

ಹಣ ಕೊಡಲು ಅಂಗಡಿ ತಕರಾರು ತೆಗೆದರೆ ಮೊದಲು ಆ ಕಂಪನಿಗೇ ಲಿಖಿತ ದೂರು ಕೊಡಿ. ಎಂಟು ವಾರದಲ್ಲಿ ಬಗೆಹರಿಯದಿದ್ದರೆ ಕಂಪನಿ ಹೆಸರಿಸಿರುವ ಸ್ವತಂತ್ರ ವ್ಯಾಜ್ಯ ಪರಿಹಾರ ಸಂಸ್ಥೆಗೆ ಉಚಿತವಾಗಿ ಹೋಗಬಹುದು. ಹಲವು ಕಂಪನಿಗಳಿಗೆ ಅದು ಐಬಾಸ್. ರಸೀದಿಯ ಫೋಟೊ ಬೇಕಾಗುವುದು ಆಗ.

ಹಂತ 9: ನಿಲ್ಲಿಸುವ ಗೆರೆ

ಪ್ರವಾಸದ ದಿನಗಳಲ್ಲಿ ಕೈ ಸಡಿಲವಾಗುತ್ತದೆ, ಪೌಂಡು ಡಾಲರುಗಳ ಚಿಕ್ಕ ಸಂಖ್ಯೆ ದುಡ್ಡಿನಂತೆಯೇ ಕಾಣುವುದಿಲ್ಲ. ಹಾಗಾಗಿ ಕಟ್ಟುವ ಪ್ರತಿ ಮೊತ್ತವನ್ನೂ ರೂಪಾಯಿಯಲ್ಲಿ ಬರೆದಿಡಿ. ಇಡೀ ಟೂರ್ನಿಗೆ 50 ಪೌಂಡ್ ಎಂದುಕೊಂಡರೆ ಅದನ್ನು 10 ಭಾಗ ಮಾಡಿ ಲಕೋಟೆಯಲ್ಲಿಡಿ. ಒಂದು ಪಂದ್ಯಕ್ಕೆ 5, ಅದಕ್ಕಿಂತ ಹೆಚ್ಚಿಲ್ಲ. ಕುಡಿದಾಗ ಬೇಡ. ಸೋತ ಕೂಡಲೇ ಮುಂದಿನ ಪಂದ್ಯಕ್ಕೆ ಎರಡರಷ್ಟು ಕಟ್ಟಬೇಕೆನಿಸಿದರೆ, ಮನೆಯವರಿಗೆ ಮೊತ್ತ ಮುಚ್ಚಿಡಬೇಕೆನಿಸಿದರೆ, ಆ ಟೂರ್ನಿ ನಿಮಗೆ ಅಲ್ಲಿಗೇ ಮುಗಿಯಲಿ. ಬ್ರಿಟನ್ನಿನಲ್ಲಿರುವವರು ಅಲ್ಲಿನ ಜೂಜು ಸಹಾಯವಾಣಿ 0808 8020 133ಕ್ಕೆ ಕರೆ ಮಾಡಿ. ಹಗಲು ರಾತ್ರಿ ಎನ್ನದೆ ಎತ್ತುತ್ತಾರೆ, ದುಡ್ಡಿಲ್ಲ. ಅಂಗಡಿಗಳಿಗೆ ನಿಮ್ಮನ್ನು ಒಳಗೆ ಬಿಡಬೇಡಿ ಎಂದು ನೀವೇ ಹೆಸರು ಬರೆಸುವ ವ್ಯವಸ್ಥೆಯೂ ಅಲ್ಲಿದೆ. ಊರಿಗೆ ಮರಳಿದ ಮೇಲೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗದಲ್ಲಿ ಜೂಜಿನ ಚಟಕ್ಕೂ ಚಿಕಿತ್ಸೆ ಸಿಗುತ್ತದೆ.